ಒಬ್ಬೊಬ್ಬರ ಕೈಗೆ ಒಂದೊಂದು ಗಡಿಯಾರ

ಒಂದು ಭಾನುವಾರ ಬಿಡುವು ಮಾಡಿಕೊಂಡು ನಿಮ್ಮ ಮನೆಯ ಬೀರುವಿನ ಡ್ರಾಯರನ್ನು ಪೂರ್ತಿ ಹೊರಗೆಳೆದು ನೋಡಿ. ಯಾವ ಬೀಗಕ್ಕೂ ಸೇರದ ಬೀಗದ ಕೈಗಳು, ತುಂಬಿಹೋದ ಪಾಸ್‌ಬುಕ್ಕುಗಳು, ಒಣಗಿದ ಪೆನ್ನುಗಳ ನಡುವೆ ಎರಡೋ ಮೂರೋ ಕೈಗಡಿಯಾರಗಳು ಖಂಡಿತ ಸಿಗುತ್ತವೆ. ಒಂದರ ಪಟ್ಟಿ ಹರಿದಿರುತ್ತದೆ. ಇನ್ನೊಂದರ ಸೆಲ್ಲು ಮುಗಿದಿರುತ್ತದೆ. ಮತ್ತೊಂದು ಯಾರದೋ ಮದುವೆಯಲ್ಲಿ ಬಂದ ಉಡುಗೊರೆ, ಡಬ್ಬಿಯಿಂದ ಹೊರಬಂದೇ ಇರುವುದಿಲ್ಲ. ಎಲ್ಲವೂ ಬೇರೆ ಬೇರೆ ಹೊತ್ತಿನಲ್ಲಿ ನಿಂತಿರುತ್ತವೆ.

ಹಾಗಾದರೆ ನೀವೂ ಗಡಿಯಾರಗಳ ಸಂಗ್ರಾಹಕರೇ? ಅಲ್ಲ ಎಂದೇ ಹೇಳಬೇಕಾಗುತ್ತದೆ. ರಾಶಿ ಬೇರೆ, ಸಂಗ್ರಹ ಬೇರೆ. ರಾಶಿ ತಾನಾಗಿಯೇ ಬೆಳೆಯುತ್ತದೆ. ಸಂಗ್ರಹ ಬೆಳೆಯಬೇಕಾದರೆ ಅದರ ಹಿಂದೆ ಒಬ್ಬ ಮನುಷ್ಯನ ಇಷ್ಟಾನಿಷ್ಟ ಇರಬೇಕು. 'ಇದು ಬೇಕು, ಅದು ಬೇಡ' ಎಂದು ಆರಿಸಿ, ಏಕೆಂದು ಕೇಳಿದರೆ ಕಾರಣವನ್ನೂ ಹೇಳಬಲ್ಲವನು ಸಂಗ್ರಾಹಕ. ಅಂಚೆಚೀಟಿಗೂ ನಾಣ್ಯಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಕೈಗಡಿಯಾರದ ವಿಷಯದಲ್ಲಿ ಇನ್ನಷ್ಟು ನಿಜ. ಏಕೆಂದರೆ ಅದು ಆಲ್ಬಮ್ಮಿನಲ್ಲಿ ಕೂರುವ ವಸ್ತುವಲ್ಲ, ಮೈಗೆ ತಾಗಿಕೊಂಡು ದಿನವಿಡೀ ನಮ್ಮ ಜೊತೆ ಓಡಾಡುವ ವಸ್ತು.

ಇಪ್ಪತ್ತು ವರ್ಷಗಳಿಂದ ಈ ಹುಚ್ಚು ಹಿಡಿಸಿಕೊಂಡಿರುವ ನನ್ನ ಬಳಿ ಈಗ 19 ಕೈಗಡಿಯಾರಗಳಿವೆ. ದೊಡ್ಡ ಸಂಗ್ರಹವೇನಲ್ಲ. ಬೆಲೆಬಾಳುವ ವಿದೇಶಿ ಗಡಿಯಾರ ಒಂದೂ ಇಲ್ಲ. ಅವುಗಳಲ್ಲಿ ಆರು ಒಂದೇ ಮಾದರಿಯವು, ಎಚ್‌ಎಂಟಿ ಪೈಲಟ್. ಕಪ್ಪು ಮುಖ, ಬಿಳಿಯ ಅಂಕಿಗಳು. ಮನೆಗೆ ಬಂದವರು ನೋಡಿ, "ಇದೇನು ಸ್ವಾಮಿ, ಒಂದೇ ವಾಚು ಆರು ಇಟ್ಟುಕೊಂಡಿದ್ದೀರಲ್ಲ?" ಎಂದು ನಗುತ್ತಾರೆ. ನಗಬೇಕಾದ್ದೇ. ಆದರೆ ಅದಕ್ಕೊಂದು ಕಾರಣವಿದೆ.

ಹಾಸ್ಟೆಲಿನ ವ್ಯಾಪಾರ

ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು 1988ರಲ್ಲಿ, ತುಮಕೂರಿನಲ್ಲಿ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನಮ್ಮ ತಂದೆ ಫಲಿತಾಂಶ ಬಂದ ವಾರದಲ್ಲೇ ಒಂದು ಪುಟ್ಟ ಡಬ್ಬಿ ತಂದು ನನ್ನ ಕೈಗಿಟ್ಟರು. ಒಳಗೆ ಕಪ್ಪು ಮುಖದ ಪೈಲಟ್ ಇತ್ತು. ದಿನಾ ಬೆಳಿಗ್ಗೆ ಕೀ ಕೊಡಬೇಕಾದ ಗಡಿಯಾರ. ಅವರ ಕೈಯಲ್ಲಿ ಮದುವೆಯ ಕಾಲದಿಂದ ಇದ್ದದ್ದು ಎಚ್‌ಎಂಟಿ ಜನತಾ. ರೇಡಿಯೋದಲ್ಲಿ ಬೆಳಗಿನ ವಾರ್ತೆಗೆ ಮುಂಚೆ ಕೇಳಿಬರುವ 'ಪೀಂ' ಸದ್ದಿಗೆ ಮುಳ್ಳು ಸರಿಮಾಡಿ, ಹೆಬ್ಬೆರಳು ತೋರುಬೆರಳಿನಲ್ಲಿ ಎಣಿಸಿದಂತೆ ಕೀ ಕೊಟ್ಟು ಕಟ್ಟಿಕೊಳ್ಳುತ್ತಿದ್ದರು. "ಕೀ ಕೊಡೋದು ಮರೆಯದವನು ಓದೋದೂ ಮರೆಯೋಲ್ಲ ಕಣೋ" ಎಂದರು.

ನನಗೆ ಬೇಕಿದ್ದದ್ದು ಸೆಲ್ಲಿನ ವಾಚು. ಆಗ ಎಲ್ಲೆಲ್ಲೂ ಕ್ವಾರ್ಟ್ಜ್ ಗಡಿಯಾರಗಳ ಮಾತು. ಮೊಜಾರ್ಟನ ಸಂಗೀತದ ಹಿನ್ನೆಲೆಯಲ್ಲಿ ಟೈಟಾನ್ ಜಾಹೀರಾತು ಟೀವಿಯಲ್ಲಿ ಬರುತ್ತಿದ್ದ ಕಾಲ. ಬೆಂಗಳೂರಿನ ಹಾಸ್ಟೆಲಿಗೆ ಬಂದ ಮೇಲೆ ಕೀ ಕೊಡುವ ವಾಚು ಕಟ್ಟಿಕೊಂಡವನು ನಾನೊಬ್ಬನೇ ಅನ್ನಿಸಿ ಕೈ ಮುಚ್ಚಿಕೊಳ್ಳುವಂತಾಗುತ್ತಿತ್ತು. ಎರಡನೆಯ ವರ್ಷದಲ್ಲಿ ಪಕ್ಕದ ರೂಮಿನ ಹುಡುಗನೊಬ್ಬನಿಗೆ ಅದನ್ನು ಕೊಟ್ಟು, ಅವನ ಡಿಜಿಟಲ್ ವಾಚನ್ನೂ ಮೇಲೆ ಎರಡು ಸಿನಿಮಾ ಟಿಕೆಟ್ಟಿನಷ್ಟು ದುಡ್ಡನ್ನೂ ತೆಗೆದುಕೊಂಡೆ. ಆ ಡಿಜಿಟಲ್ ವಾಚು ಎಂಟು ತಿಂಗಳಿಗೆ ಕಣ್ಣುಮುಚ್ಚಿತು.

ರಜೆಗೆ ಊರಿಗೆ ಹೋದಾಗ ತಂದೆ ನನ್ನ ಕೈ ನೋಡಿದರು. ಏನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. 2003ರಲ್ಲಿ ಅವರು ತೀರಿಕೊಂಡರು. ಮರುವರ್ಷ ಹಳೆಯ ವಾಚುಗಳ ಅಂಗಡಿಯೊಂದರಲ್ಲಿ ಕಪ್ಪು ಮುಖದ ಪೈಲಟ್ ಒಂದನ್ನು ಕಂಡೆ, ಕೊಂಡೆ. ಸಂಗ್ರಹ ಶುರುವಾದದ್ದು ಹಾಗೆ. ಆರು ಪೈಲಟ್‌ಗಳಾದವು. ಯಾವುದೂ ನನ್ನದಲ್ಲ.

ಜಾಲಹಳ್ಳಿಯಲ್ಲಿ ಹುಟ್ಟಿದ ಕಾಲ

ನನ್ನಂತೆ ಎಚ್‌ಎಂಟಿ ಗಡಿಯಾರಗಳನ್ನು ಮಾತ್ರ ಹುಡುಕುವವರು ದೇಶದ ಉದ್ದಗಲಕ್ಕೂ ಇದ್ದಾರೆ. ಅದಕ್ಕೆ ಆ ಕಾರ್ಖಾನೆಯ ಚರಿತ್ರೆಯೇ ಕಾರಣ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಶುರುವಾದದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಗಡಿಯಾರದ ಕಾರ್ಖಾನೆ ತಲೆಯೆತ್ತಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅಲ್ಲಿಯವರೆಗೆ ಕೈಗಡಿಯಾರವೆಂದರೆ ಬಹುಮಟ್ಟಿಗೆ ವಿದೇಶದಿಂದ ಬರಬೇಕಾದ, ಉಳ್ಳವರು ಕಟ್ಟಿಕೊಳ್ಳುವ ವಸ್ತುವಾಗಿತ್ತು. ಅದು ಮೇಷ್ಟ್ರು, ಗುಮಾಸ್ತ, ಕಂಡಕ್ಟರುಗಳ ಕೈಗೆ ಬಂದದ್ದು ಜನತಾದಂಥ ಮಾದರಿಗಳಿಂದ. ಹೆಸರೇ ಅದನ್ನು ಹೇಳುತ್ತದೆ.

ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಮ್ಮ ಬೀದಿಯ ಇಬ್ಬರು ಅಕ್ಕಂದಿರು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಅವರ ಕೈಚಳಕ ಬೀದಿಗೆಲ್ಲ ಹೆಮ್ಮೆ. ಕಾಂಚನ್, ಕೊಹಿನೂರ್, ಜವಾನ್, ಸೋನಾ, ಹೆಂಗಸರಿಗೆ ಸುಜಾತಾ, ನೂತನ್ ಹೀಗೆ ಮಾದರಿಗಳ ಹೆಸರುಗಳೇ ಒಂದು ಕುಟುಂಬದಂತಿದ್ದವು. ನಮ್ಮ ಕಡೆಯ ಮದುವೆಗಳಲ್ಲಿ 'ಹುಡುಗನಿಗೆ ಕಾಂಚನ್ ವಾಚು' ಎಂಬುದು ಮಾತುಕತೆಯ ಒಂದು ಅಂಶವೇ ಆಗಿರುತ್ತಿತ್ತು. ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಸಮಯ ತಿಳಿಯುವ ಬ್ರೈಲ್ ಗಡಿಯಾರವನ್ನೂ ಎಚ್‌ಎಂಟಿ ತಯಾರಿಸಿತು.

ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಟೈಟಾನ್ ಕಂಪನಿಯನ್ನು ಹುಟ್ಟುಹಾಕಿದವು. ಬೆಂಗಳೂರಿಗೆ ಕೂಗಳತೆಯ ಹೊಸೂರಿನಲ್ಲಿ ಅದರ ಕಾರ್ಖಾನೆ. ಕ್ವಾರ್ಟ್ಜ್ ಮತ್ತು ಅಂದಚಂದವನ್ನು ನಂಬಿ ಹೊರಟ ಟೈಟಾನ್ ಗೆದ್ದಿತು. ಎಚ್‌ಎಂಟಿ ವರ್ಷದಿಂದ ವರ್ಷಕ್ಕೆ ನಷ್ಟಕ್ಕಿಳಿಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಕಥೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಮಕ್ಕಳನ್ನು ಕರೆದುಕೊಂಡು ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಪರಂಪರೆ ಕೇಂದ್ರಕ್ಕೆ ಒಮ್ಮೆ ಹೋಗಿಬರಬಹುದು.

ಒಳಗೆ ಮಿಡಿಯುವುದು ಯಾವುದು?

ಸಂಗ್ರಹಕ್ಕಿಳಿದವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕೀ ಕೊಡುವ ಗಡಿಯಾರವೋ, ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ಕೋ, ಸೆಲ್ಲಿನದೋ?

ಕೀ ಕೊಡುವ ಗಡಿಯಾರದಲ್ಲಿ ಸುರುಳಿ ಸುತ್ತಿದ ಸ್ಪ್ರಿಂಗೇ ಶಕ್ತಿಯ ಉಗ್ರಾಣ. ಅದು ಒಮ್ಮೆಗೇ ಬಿಚ್ಚಿಕೊಳ್ಳದಂತೆ ತಡೆದು, ಹನಿಹನಿಯಾಗಿ ಬಿಡುವ ಕೆಲಸ ಅತ್ತಿತ್ತ ತೂಗುವ ಒಂದು ಪುಟ್ಟ ಚಕ್ರದ್ದು. ಜನತಾ ಗಡಿಯಾರದಲ್ಲಿ ಈ ತೂಗಾಟದ ಲೆಕ್ಕ ಸೆಕೆಂಡಿಗೆ 5, ಗಂಟೆಗೆ 18,000, ದಿನಕ್ಕೆ 4,32,000. ಇಷ್ಟು ಮಾಡಿಯೂ ಅದು ದಿನಕ್ಕೆ 20 ಸೆಕೆಂಡು ಹಿಂದೆ ಮುಂದೆ ಹೋದರೆ ನಾವು 'ವಾಚು ಸರಿಯಿಲ್ಲ' ಎನ್ನುತ್ತೇವೆ! ದಿನಕ್ಕಿರುವುದು 86,400 ಸೆಕೆಂಡು. ಅಂದರೆ 4,320ರಲ್ಲಿ ಒಂದು ಪಾಲು ತಪ್ಪು. ಅಷ್ಟೇ ತಪ್ಪು ಮಾಡುವ ವಿದ್ಯಾರ್ಥಿ ಸಿಕ್ಕರೆ ಯಾವ ಮೇಷ್ಟ್ರಾದರೂ ಹೊತ್ತುಕೊಂಡು ಕುಣಿದಾರು.

ಮುಖದ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದನ್ನು ಕಂಡು ಒಳಗೆ ಹದಿನೇಳು ರತ್ನಗಳಿವೆಯೆಂದು ನಂಬಿದವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ. 'ರಿಪೇರಿಯವನು ಕಲ್ಲು ಕದ್ದ' ಎಂಬ ಅನುಮಾನಕ್ಕೆ ಗುರಿಯಾಗದ ರಿಪೇರಿಯವರೇ ಇಲ್ಲ. ಅವು ಮಾಣಿಕ್ಯವೇ ನಿಜ, ಆದರೆ ಕೃತಕವಾಗಿ ತಯಾರಿಸಿದ್ದು. ಮಾರಿದರೆ ಟೀ ಕುಡಿಯುವಷ್ಟೂ ದುಡ್ಡು ಹುಟ್ಟದು. ಚಕ್ರಗಳ ಅಚ್ಚು ತಿರುಗುವ ಕಡೆ ಉಜ್ಜಾಟದಿಂದ ಸವೆಯಬಾರದೆಂದು ಈ ಗಟ್ಟಿ ಕಲ್ಲನ್ನು ಕೂರಿಸಿರುತ್ತಾರೆ, ಅಷ್ಟೆ.

ಆಟೊಮ್ಯಾಟಿಕ್ ಕೂಡ ಇದೇ ಜಾತಿಯದು. ಒಳಗೆ ಅರ್ಧಚಂದ್ರದಂಥ ತೂಕದ ಲೋಹದ ತುಂಡೊಂದಿದ್ದು, ಕೈ ಆಡಿಸಿದಂತೆಲ್ಲ ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಕಟ್ಟಿಕೊಳ್ಳದೆ ಎರಡು ದಿನ ಇಟ್ಟರೆ ನಿಂತುಹೋಗುತ್ತದೆ.

ಸೆಲ್ಲಿನ ಗಡಿಯಾರದ ದಾರಿಯೇ ಬೇರೆ. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು ಮಾರಾಟಕ್ಕಿಟ್ಟ ಆಸ್ಟ್ರಾನ್ ಗಡಿಯಾರ ಈ ದಾರಿಯನ್ನು ತೆರೆಯಿತು. ಈಗಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಸ್ಫಟಿಕದ ಚೂರೊಂದು ವಿದ್ಯುತ್ತಿನ ಬಲದಿಂದ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೇನು ವಿಚಿತ್ರ ಸಂಖ್ಯೆ ಎನ್ನಿಸಿತೇ? ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಂಡು ಅದನ್ನು ಎರಡರಿಂದ ಭಾಗಿಸುತ್ತಾ ಹೋಗಲಿ. ಹದಿನೈದನೆಯ ಸಲಕ್ಕೆ ಸರಿಯಾಗಿ ಒಂದು ಉಳಿಯುತ್ತದೆ. ಒಳಗಿನ ಮಂಡಲವೂ ಅದನ್ನೇ ಮಾಡಿ, ಸೆಕೆಂಡಿಗೊಮ್ಮೆ ಮುಳ್ಳನ್ನು ಮುಂದೂಡುತ್ತದೆ. ಕೀ ಕೊಡುವ ಗಡಿಯಾರ ಒಂದು ದಿನದಲ್ಲಿ ಮಾಡುವಷ್ಟು ತಪ್ಪನ್ನು ಇದು ಮಾಡಲು ತಿಂಗಳು ಬೇಕು.

ನಿಖರತೆಯೇ ಮುಖ್ಯ ಎನ್ನುವವರಿಗೆ ಮಾತು ಇಲ್ಲಿಗೆ ಮುಗಿಯಿತು, ಸೆಲ್ಲಿನದೇ ಸರಿ. ಆದರೆ ಇಷ್ಟವೆಂಬುದು ಲೆಕ್ಕಕ್ಕೆ ಪೂರ್ತಿ ಬಗ್ಗುವುದಿಲ್ಲ. ಕಿವಿಗೆ ಹಿಡಿದರೆ 'ಟಿಕ್ ಟಿಕ್' ಎಂದು ಓಡುವ ಸದ್ದು, ಬೆಳಿಗ್ಗೆ ಕೀ ಕೊಡುವಾಗ ಬೆರಳಿಗೆ ಸಿಗುವ ಬಿಗಿ ನನಗೆ ಬೇಕು. ನನ್ನ 19ರಲ್ಲಿ 16 ಕೀ ಕೊಡುವಂಥವು. ನನ್ನ ಸ್ನೇಹಿತರೊಬ್ಬರಿಗೆ ಇದರ ತದ್ವಿರುದ್ಧ. ತೆಳ್ಳಗಿದ್ದಷ್ಟೂ ಅವರಿಗೆ ಪ್ರೀತಿ. ಟೈಟಾನ್ 2002ರಲ್ಲಿ ತಂದ ಎಡ್ಜ್ ಅವರ ಸಂಗ್ರಹದ ಪಟ್ಟದ ಆನೆ. ಪೂರ್ತಿ ಗಡಿಯಾರದ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. "ನಿಮ್ಮದು ಅಜ್ಜನ ವಾಚು, ನನ್ನದು ಎಂಜಿನಿಯರನ ವಾಚು" ಎಂದು ಅವರು ಕಿಚಾಯಿಸುತ್ತಾರೆ. ಇಬ್ಬರೂ ಸರಿಯೇ.

ಅಳತೆ, ಅಂಕಿ, ಪಟ್ಟಿ

ಎರಡನೆಯ ಮಾತು ಅಳತೆಯದು. ನನ್ನ ಮಣಿಕಟ್ಟು ಸಣ್ಣದು. 35 ಮಿಲಿಮೀಟರಿನ ಆಸುಪಾಸಿನ ಹಳೆಯ ಗಡಿಯಾರಗಳು ಅದರ ಮೇಲೆ ಹಾಯಾಗಿ ಕೂರುತ್ತವೆ. ಅಂಗಡಿಗಳಲ್ಲಿ 44, 46 ಮಿಲಿಮೀಟರಿನ ತಟ್ಟೆಯಂಥ ವಾಚುಗಳನ್ನು ತೋರಿಸಿ 'ಇದೇ ಈಗ ಫ್ಯಾಷನ್ನು ಸಾರ್' ಎಂದಾಗ ಒಮ್ಮೆ ಮರುಳಾಗಿ ಕೊಂಡಿದ್ದೆ. ಅಂಗಿಯ ತೋಳಿಗೆ ದಿನವೂ ಸಿಕ್ಕಿಹಾಕಿಕೊಂಡಿತು. ಮೂರು ತಿಂಗಳಿಗೆ ಭಾವಮೈದುನನ ಪಾಲಾಯಿತು. ಕನ್ನಡಿಯ ಮುಂದೆ ನಿಂತು ನೋಡಿ, ಗಡಿಯಾರದ ಕಿವಿಗಳು, ಅಂದರೆ ಪಟ್ಟಿ ಸಿಕ್ಕಿಸುವ ತುದಿಗಳು, ಮಣಿಕಟ್ಟಿನ ಅಗಲವನ್ನು ದಾಟಿ ಆಚೆ ಚಾಚಿಕೊಂಡಿದ್ದರೆ ಅದು ನಿಮ್ಮ ಕೈಯದಲ್ಲ.

ಮೂರನೆಯದು ಮುಖ. ಕೆಲವರಿಗೆ ಬರಿಯ ಗೆರೆಗಳಿರುವ ಮುಖ ಚೆಂದ. ಕೆಲವರಿಗೆ ರೋಮನ್ ಅಂಕಿ ಬೇಕು. ರೋಮನ್ ಅಂಕಿಯ ಗಡಿಯಾರ ನಿಮ್ಮಲ್ಲಿದ್ದರೆ ನಾಲ್ಕನ್ನು ಹೇಗೆ ಬರೆದಿದೆ ನೋಡಿ. ಶಾಲೆಯಲ್ಲಿ ಕಲಿಸಿದ್ದು ಐದರ ಗುರುತಿನ ಎಡಕ್ಕೆ ಒಂದು ಗೆರೆ. ಆದರೆ ಬಹುತೇಕ ಗಡಿಯಾರಗಳಲ್ಲಿ ನಾಲ್ಕು ಗೆರೆಗಳನ್ನೇ ಸಾಲಾಗಿ ನಿಲ್ಲಿಸಿರುತ್ತಾರೆ. ಎದುರಿಗಿರುವ ಎಂಟರ ಅಂಕಿಯ ಭಾರಕ್ಕೆ ಅದು ಸರಿದೂಗುತ್ತದೆ ಎಂಬುದು ಅದಕ್ಕೆ ಹೇಳುವ ಕಾರಣಗಳಲ್ಲೊಂದು. ದೇವನಾಗರಿ ಅಂಕಿಗಳಿರುವ ಜನತಾ ಕೂಡ ಉಂಟು, ಅದನ್ನು ಹುಡುಕಿಕೊಂಡು ಹೋಗುವವರು ಬಹಳ. ನನಗೆ ಬೇಕಾದದ್ದು ಕನ್ನಡಕವಿಲ್ಲದೆ ಓದಲು ಬರುವ ದೊಡ್ಡ ಅಂಕಿ. ಹೀಗೆ ವಯಸ್ಸೂ ಅಭಿರುಚಿಯನ್ನು ತಿದ್ದುತ್ತದೆ.

ಇನ್ನು ಪಟ್ಟಿ. ಚರ್ಮದ ಪಟ್ಟಿ ನೋಡಲು ಲಕ್ಷಣ. ಆದರೆ ನಮ್ಮ ಬೇಸಿಗೆಯ ಬೆವರಿಗೆ ಒಂದೇ ವರ್ಷದಲ್ಲಿ ವಾಸನೆ ಹಿಡಿದು ಬಿರುಕು ಬಿಡುತ್ತದೆ. ಸ್ಟೀಲಿನ ಚೈನು ಬಾಳಿಕೆ ಬರುತ್ತದೆ, ಮೊಣಕೈ ಕೆಳಗಿನ ಕೂದಲನ್ನೂ ಕೀಳುತ್ತದೆ! ಬಟ್ಟೆಯ ಪಟ್ಟಿಯನ್ನು ಒಗೆದು ಒಣಹಾಕಿದರಾಯಿತು, ಬೆಲೆಯೂ ಕಡಿಮೆ. ಗಡಿಯಾರ ಬದಲಿಸದೆ ಪಟ್ಟಿ ಮಾತ್ರ ಬದಲಿಸಿದರೂ ಹೊಸ ವಾಚು ಕೊಂಡಷ್ಟು ಸಂತೋಷವಾಗುತ್ತದೆ. ಖರ್ಚು ಮಾಡದೆ ಆಸೆ ತೀರಿಸಿಕೊಳ್ಳುವ ಉಪಾಯವಿದು.

'ಬೇಡ' ಎನ್ನುವ ಪಟ್ಟಿ

ನಿಜ ಹೇಳಬೇಕೆಂದರೆ, ಸಂಗ್ರಹಕ್ಕೆ ರೂಪ ಬರುವುದು ಕೊಂಡದ್ದರಿಂದ ಅಲ್ಲ, ಬಿಟ್ಟದ್ದರಿಂದ. ಚಿನ್ನದ ಬಣ್ಣ ನನಗೆ ಬೇಡ. ದೊಡ್ಡ ಕಂಪನಿಯ ಹೆಸರು ಹಾಕಿಕೊಂಡ ನಕಲಿ ಬೇಡವೇ ಬೇಡ. ಕೈಗೆ ಕಟ್ಟಿ ಹೊರಗೆ ಹೋಗಲಾಗದಷ್ಟು ಬೆಲೆಯದು ಬೇಡ. 2015ರಿಂದ ಒಂದು ನಿಯಮವನ್ನೂ ಹಾಕಿಕೊಂಡಿದ್ದೇನೆ: ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಈ ನಿಯಮ ಬಂದ ಮೇಲೆ ಕೊಳ್ಳುವ ಮುಂಚೆ ಎರಡು ವಾರ ಯೋಚಿಸುತ್ತೇನೆ. ಎರಡು ವಾರ ಕಳೆದ ಮೇಲೂ ನೆನಪಾಗುವ ಗಡಿಯಾರಗಳು ಬಹಳ ಕಡಿಮೆ.

ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ನನ್ನ ನಾಲ್ಕನೆಯ ಪೈಲಟನ್ನು ಕಂಪ್ಯೂಟರಿನಲ್ಲಿ ಫೋಟೋ ನೋಡಿ ತರಿಸಿಕೊಂಡೆ. 'ಬಳಸದೇ ಇದ್ದ ಹಳೆಯ ದಾಸ್ತಾನು' ಎಂದು ಮಾರುವವನು ಬರೆದಿದ್ದ. ಫಳಫಳ ಹೊಳೆಯುತ್ತಿತ್ತು. ಕುಣಿಯುತ್ತಾ ಹೋಗಿ ನಮ್ಮ ಬಡಾವಣೆಯ ರಿಪೇರಿಯವರಿಗೆ ತೋರಿಸಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅರ್ಧ ನಿಮಿಷ ನೋಡಿ, "ಇದು ಬಣ್ಣ ಹೊಡೆಸಿಕೊಂಡ ಮುದುಕ, ಸಾರ್" ಎಂದರು. ಮುಖಕ್ಕೆ ಹೊಸದಾಗಿ ಬಣ್ಣ ಬಳಿದು ಅಕ್ಷರ ಅಚ್ಚು ಹಾಕಿದ್ದರು. ಅಕ್ಷರದ ಅಂಚುಗಳು ಒಡೆದಿದ್ದವು. ಮುಳ್ಳುಗಳು ಬೇರೊಂದು ಮಾದರಿಯವು. ಹಿಂದಿನ ಮುಚ್ಚಳ ತೆಗೆದರೆ ಸ್ಕ್ರೂ ಒಂದು ಮಾಯ. ಹಳೆಯ ಎಚ್‌ಎಂಟಿಗೆ ಬೇಡಿಕೆ ಬಂದಂತೆ ಇಂಥವೂ ಹೆಚ್ಚಿವೆ. ಕಾರ್ಖಾನೆ ಎಂದೂ ಮಾಡದಿದ್ದ ಬಣ್ಣಗಳಲ್ಲೂ ಅವು ಸಿಗುತ್ತವೆ.

ಆ ಪೈಲಟನ್ನು ಹಿಂದಿರುಗಿಸಲಾಗಲಿಲ್ಲ. ಇಟ್ಟುಕೊಂಡಿದ್ದೇನೆ. ಪಾಠ ಕಲಿಸಿದವರನ್ನು ಹೊರಗೆ ಹಾಕಬಾರದಲ್ಲ.

ಅಮ್ಮ ಕೇಳಿದ ಪ್ರಶ್ನೆ

ತಂದೆಯ ಜನತಾ ಬಹುಕಾಲ ಅಮ್ಮನ ಟ್ರಂಕಿನಲ್ಲಿತ್ತು. ಕೆಲವು ವರ್ಷಗಳ ಹಿಂದೆ ಅವಳೇ ತೆಗೆದುಕೊಟ್ಟು, "ಓಡೋ ಹಾಗೆ ಮಾಡಿಸ್ಕೊಂಡು ಬಾ" ಎಂದಳು. ಎಣ್ಣೆ ಒಣಗಿ ನಿಂತುಹೋಗಿತ್ತು. ಮುಖ ಬಿಳಿಯಾಗಿದ್ದದ್ದು ಕೆನೆಬಣ್ಣಕ್ಕೆ ತಿರುಗಿ, ಆರರ ಹತ್ತಿರ ಕಂದು ಕಲೆಯೊಂದು ಮೂಡಿತ್ತು. ಗಾಜಿನ ಮೇಲೆ ಸೀಮೆಸುಣ್ಣ ಹಿಡಿದ ಕೈಯ ಮೂವತ್ತು ವರ್ಷದ ಗೀರುಗಳು. ರಿಪೇರಿಯವರು, "ಒಳಗೆಲ್ಲ ಗಟ್ಟಿಯಾಗಿದೆ. ಮುಖಕ್ಕೆ ಹೊಸ ಬಣ್ಣ ಹೊಡೆಸಲೇ?" ಎಂದು ಕೇಳಿದರು.

ಸಂಗ್ರಾಹಕರ ಲೋಕದಲ್ಲಿ ಇದಕ್ಕೆ ಒಂದೇ ಉತ್ತರ: ಮುಟ್ಟಬೇಡಿ. ಹಳೆಯ ಕಲೆಯೇ ಅಸಲಿತನದ ಸಾಕ್ಷಿ. ನಾನೂ ಹಾಗೆಯೇ ಹೇಳಿ ಬಂದೆ. ಆದರೆ ಅಮ್ಮ ಒಪ್ಪಲಿಲ್ಲ. "ಕಲೆ ಯಾಕೋ ಬಿಟ್ಟೆ? ಅವರು ಕಟ್ಕೊಂಡು ನಮ್ಮೂರಿಗೆ ಹೆಣ್ಣು ನೋಡೋಕೆ ಬಂದಾಗ ಹಾಲಿನ ಹಾಗಿತ್ತು" ಎಂದಳು. ನಾನು ನನ್ನ ಶಾಸ್ತ್ರವನ್ನೆಲ್ಲ ಹೇಳಿದೆ. ಅವಳು ಸುಮ್ಮನೆ ಕೇಳಿ, "ನೀನು ನೋಡಿದ್ದು ಹಳೇ ವಾಚು, ನಾನು ನೋಡಿದ್ದು ಹೊಸದು. ಯಾವುದು ಅಸಲಿ?" ಎಂದಳು.

ಇಪ್ಪತ್ತು ವರ್ಷದ ನನ್ನ ಅಧ್ಯಯನದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಕೊನೆಗೆ ಇಬ್ಬರೂ ಅರ್ಧರ್ಧ ಸೋತೆವು. ಮುಖ ಹಾಗೇ ಉಳಿಯಿತು. ಗಾಜನ್ನು ಮಾತ್ರ ಉಜ್ಜಿಸಿ ಗೀರು ತೆಗೆಸಿದೆ. ಜನತಾದ ಗಾಜು ಅಸಲಿಗೆ ಗಾಜಲ್ಲ, ಪ್ಲಾಸ್ಟಿಕ್ಕಿನ ಜಾತಿಯದು, ಪಾಲಿಶ್ ಮಾಡಿದರೆ ತಿಳಿಯಾಗುತ್ತದೆ. ಅಮ್ಮ ಬೆಳಕಿಗೆ ಹಿಡಿದು ನೋಡಿ, "ಹೂಂ, ಮುಳ್ಳು ಕಾಣ್ತದೆ" ಎಂದಳು. ಈಗ ಬೆಳಿಗ್ಗೆ ಅದಕ್ಕೆ ಕೀ ಕೊಡುವವಳು ಅವಳೇ. ನನ್ನ 19ರ ಎಣಿಕೆಯಲ್ಲಿ ಅದು ಸೇರಿಲ್ಲ.

ಮಗಳ ಆಯ್ಕೆ

2022ರಲ್ಲಿ ನನ್ನ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಅವಳಿಗಾಗಿ ಒಂದು ಸುಜಾತಾ ಹುಡುಕಿ, ಸರ್ವಿಸ್ ಮಾಡಿಸಿ, ಕೆಂಪು ಪಟ್ಟಿ ಹಾಕಿಸಿ ಇಟ್ಟಿದ್ದೆ. ನೋಡಿದಳು, ತಿರುಗಿಸಿದಳು. "ಚೆನ್ನಾಗಿದೆ ಅಪ್ಪಾ. ಆದ್ರೆ ನನಗಲ್ಲ" ಎಂದಳು. ಅವಳಿಗೆ ಬೇಕಿದ್ದದ್ದು ಕ್ಯಾಸಿಯೊ ಕಂಪನಿಯ ಎಫ್-91ಡಬ್ಲ್ಯು ಎಂಬ ಕಪ್ಪು ಪ್ಲಾಸ್ಟಿಕ್ ಡಿಜಿಟಲ್ ವಾಚು. 1989ರಲ್ಲಿ ಬಂದ ಮಾದರಿ. ನಾನು ಪೈಲಟ್ ಮಾರಿಕೊಂಡ ಕಾಲದ್ದೇ! ತೂಕ 21 ಗ್ರಾಂ, ಒಂದು ಸೆಲ್ಲು ಸುಮಾರು 7 ವರ್ಷ ಬರುತ್ತದೆ. "ಮಲಗುವಾಗಲೂ ಬಿಚ್ಚಬೇಕಿಲ್ಲ, ಅಲಾರಂ ಇದೆ, ಕಳೆದುಹೋದ್ರೂ ನೀನು ಅಳೋಲ್ಲ" ಎಂದು ಮೂರು ಕಾರಣ ಕೊಟ್ಟಳು.

ನನ್ನ ಬಾಯಲ್ಲಿ 'ಕೀ ಕೊಡೋದು ಮರೆಯದವನು...' ಎಂಬ ಮಾತು ಅರ್ಧ ಬಂದು ನಿಂತಿತು. ಯಾರ ದನಿ ಅದು ಎಂದು ನನಗೆ ಗೊತ್ತಾಯಿತು. ಹಾಸ್ಟೆಲಿನ ಕಥೆಯನ್ನು ಅಂದು ಅವಳಿಗೆ ಮೊದಲ ಸಲ ಹೇಳಿದೆ. ಅವಳು ಕೇಳಿದ್ದು ಒಂದೇ: "ನಿನಗೆ ಯಾವುದು ಬೇಕು ಅಂತ ತಾತ ಕೇಳಿದ್ರಾ?"

ಕೇಳಿರಲಿಲ್ಲ. ಕೇಳುವ ಪದ್ಧತಿಯೂ ಆಗ ಇರಲಿಲ್ಲ. ಮೇಷ್ಟ್ರ ಸಂಬಳದಲ್ಲಿ ಉಳಿಸಿ, ತಮಗೆ ಗೊತ್ತಿದ್ದ ಅತ್ಯುತ್ತಮ ವಸ್ತುವನ್ನು ಅವರು ಕೊಟ್ಟಿದ್ದರು. ಹಾಗೆಂದು ಅದನ್ನು ಮಾರಿಕೊಂಡ ನನ್ನ ತಪ್ಪು ಇಲ್ಲವಾಗುವುದಿಲ್ಲ. ಅಂದು ಸಂಜೆ ಮಗಳ ಜೊತೆ ಅಂಗಡಿಗೆ ಹೋಗಿ ಅವಳ ವಾಚನ್ನೇ ಕೊಡಿಸಿದೆ. ಸುಜಾತಾ ನನ್ನ ಡಬ್ಬಿಯಲ್ಲಿದೆ. ಬೇಕೆನ್ನಿಸಿದ ದಿನ ಅವಳು ತೆಗೆದುಕೊಳ್ಳಬಹುದು, ಬೇಡವೆನ್ನಿಸಿದರೆ ಬಿಡಬಹುದು.

ಅದೇ ಕ್ಯಾಸಿಯೊ ಕಂಪನಿಯ ಕಥೆಯೊಂದನ್ನು ಇಲ್ಲಿ ನೆನೆಯಬೇಕು. ಎಂಜಿನಿಯರ್ ಕಿಕುವೊ ಇಬೆ ಅವರಿಗೆ ತಂದೆ ಕೊಟ್ಟಿದ್ದ ಗಡಿಯಾರ ಕೆಳಗೆ ಬಿದ್ದು ಒಡೆದುಹೋಯಿತು. ಬಿದ್ದರೂ ಒಡೆಯದ ಗಡಿಯಾರ ಮಾಡಬೇಕೆಂದು ಅವರು ಹೊರಟರು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕು, ಸೆಲ್ಲು ಹತ್ತು ವರ್ಷ ಬರಬೇಕು ಎಂಬುದು ಗುರಿ. ಸುಮಾರು ಇನ್ನೂರು ಮಾದರಿಗಳು ವಿಫಲವಾದವು. ಉದ್ಯಾನದಲ್ಲಿ ಮಗುವೊಂದು ಚೆಂಡು ಪುಟಿಸುತ್ತಿದ್ದುದನ್ನು ಕಂಡಾಗ, ಚೆಂಡಿನ ನಡುವೆ ತೇಲುವಂತೆ ಯಂತ್ರವನ್ನು ಕೂರಿಸಬೇಕೆಂಬುದು ಹೊಳೆಯಿತು. 1983ರಲ್ಲಿ ಜಿ-ಶಾಕ್ ಬಂತು. ತಂದೆ ಕೊಟ್ಟ ಗಡಿಯಾರ ಕಳೆದುಕೊಂಡವರು ನಾನೊಬ್ಬನೇ ಅಲ್ಲ. ಇಬೆ ಅವರು ಹೊಸದನ್ನೇ ಕಟ್ಟಿದರು, ನಾನು ಹಳೆಯದನ್ನು ಹುಡುಕುತ್ತಿದ್ದೇನೆ.

ಇಂದಿನ ಮಕ್ಕಳಿಗೆ ಹೊತ್ತು ನೋಡಲು ಮೊಬೈಲು ಸಾಕು. ನೀಟ್‌ನಂಥ ಪರೀಕ್ಷೆಗೆ ಕೈಗಡಿಯಾರ ಕಟ್ಟಿಕೊಂಡು ಹೋಗುವಂತೆಯೇ ಇಲ್ಲ. ಹಾಗಾಗಿ ಈಗ ಯಾರಾದರೂ ಗಡಿಯಾರ ಕಟ್ಟಿಕೊಂಡರೆ ಅದು ಅಗತ್ಯಕ್ಕಿಂತ ಇಷ್ಟದ ಮಾತು. ಆ ಇಷ್ಟವನ್ನು ಗುರುತಿಸಿಕೊಳ್ಳಲು, ಕಾರಣ ಕೊಟ್ಟು ಹೇಳಲು ಮಗು ಕಲಿತರೆ ಅದು ಗಡಿಯಾರಕ್ಕಷ್ಟೇ ನಿಲ್ಲುವುದಿಲ್ಲ. ಮುಂದೆ ಯಾವ ಕೋರ್ಸು, ಯಾವ ಕೆಲಸ ಎಂದು ಆರಿಸುವಾಗಲೂ ಉಪಯೋಗಕ್ಕೆ ಬರುತ್ತದೆ. ಹೆತ್ತವರು ಮಾಡಬೇಕಾದದ್ದು, ಡಬ್ಬಿ ಕಟ್ಟಿಸುವ ಮುಂಚೆ ಒಮ್ಮೆ ಕೇಳುವುದು.

ಶುರು ಮಾಡುವವರಿಗೆ ಕಿವಿಮಾತು

* ಮೊದಲ ಗಡಿಯಾರವನ್ನು ಕೊಳ್ಳಬೇಡಿ, ಮನೆಯಲ್ಲೇ ಹುಡುಕಿ. ಅಜ್ಜ, ದೊಡ್ಡಪ್ಪ, ಸೋದರತ್ತೆ ಯಾರದಾದರೂ ಹಳೆಯ ವಾಚಿದ್ದೇ ಇರುತ್ತದೆ. ಕೇಳಿ ಪಡೆಯಿರಿ, ಅದರ ಕಥೆಯನ್ನೂ ಬರೆದಿಡಿ.

* ನಿಂತುಹೋದ ಕ್ವಾರ್ಟ್ಜ್ ವಾಚಿನಿಂದ ಹಳೆಯ ಸೆಲ್ಲನ್ನು ಕೂಡಲೇ ತೆಗೆಸಿ. ಅದು ಸೋರಿದರೆ ಒಳಗಿನ ಯಂತ್ರ ಹಾಳಾಗುತ್ತದೆ.

* ಕೀ ಕೊಡುವ ಗಡಿಯಾರವನ್ನು ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಸ್ಪೀಕರಿನಂಥ ಅಯಸ್ಕಾಂತವಿರುವ ವಸ್ತುಗಳ ಮೇಲೆ ಇಡಬೇಡಿ. ಒಳಗಿನ ಕೂದಲೆಳೆ ಸ್ಪ್ರಿಂಗು ಒಂದಕ್ಕೊಂದು ಅಂಟಿ ಗಡಿಯಾರ ವೇಗವಾಗಿ ಓಡತೊಡಗುತ್ತದೆ.

* 'ನೀರು ನಿರೋಧಕ, 30 ಮೀಟರ್' ಎಂದು ಬರೆದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಮುಳುಗಬಹುದೆಂದಲ್ಲ. ಕೈ ತೊಳೆಯುವಾಗ, ಮಳೆಹನಿ ಬಿದ್ದಾಗ ತೊಂದರೆಯಿಲ್ಲ ಎಂದಷ್ಟೇ.

* ಹಳೆಯದನ್ನು ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಹಿಂದಿನ ಮುಚ್ಚಳ ತೆಗೆಸಿ ನೋಡಿ. ನಂಬಿಕಸ್ತ ರಿಪೇರಿಯವರೊಬ್ಬರ ಸ್ನೇಹ ಬೆಳೆಸಿ.

* ಪ್ರತಿ ಗಡಿಯಾರದ ಹೆಸರಿನ ಮುಂದೆ 'ಇದು ಏಕೆ ನನ್ನಲ್ಲಿದೆ' ಎಂದು ಒಂದು ಸಾಲು ಬರೆಯಿರಿ. ಬರೆಯಲು ತೋಚದಿದ್ದರೆ ಅದನ್ನು ಬೇಕಾದವರಿಗೆ ಕೊಟ್ಟುಬಿಡಿ.